ಭರಣಿ ಮಳೆ ಕಾಯುವ ತಾಯಂದಿರಿಗೆ: ಗುಡುಗಿನ ಲೆಕ್ಕ, ಹಸುವಿನ ರಕ್ಷಣೆ



ಏಪ್ರಿಲ್ ತಿಂಗಳಲ್ಲಿ ಸಂಜೆ ಹೊತ್ತು ಯಾವ ಹಾಲಿನ ಸಂಘಕ್ಕೆ ಹೋದರೂ ಒಂದೇ ಮಾತು. ಕ್ಯಾನು ಕೆಳಗಿಟ್ಟು ಸಾಲಿನಲ್ಲಿ ನಿಂತವರೆಲ್ಲ ಆಕಾಶದ ಕಡೆ ನೋಡುತ್ತಿರುತ್ತಾರೆ. "ಮೂಡಲಲ್ಲಿ ಕಪ್ಪಗಾಗಿದೆ, ಇವತ್ತು ಬರಬಹುದು" ಎಂದು ಒಬ್ಬರು. "ನಿನ್ನೆಯೂ ಹೀಗೇ ಆಗಿತ್ತು, ಗಾಳಿ ಹೊಡೆದು ಹೊರಟುಹೋಯಿತು" ಎಂದು ಇನ್ನೊಬ್ಬರು. "ಹೋದ ವರ್ಷ ಭರಣಿಯಲ್ಲಿ ಎಂಥ ಮಳೆ ಬಿತ್ತು, ನೆನಪಿದೆಯಾ?" ಎಂದು ಮೂರನೆಯವರು. ನನಗೂ ಈ ಮಳೆಯ ಹುಚ್ಚು ಇದೆ. ಊರೂರು ತಿರುಗುವ ಕೆಲಸ. ಬ್ಯಾಗಿನಲ್ಲಿ ಗರ್ಭಧಾರಣೆ, ಲಸಿಕೆ ಬರೆಯುವ ಪುಸ್ತಕದ ಜೊತೆಗೆ ಮಳೆ ಬರೆಯುವ ಒಂದು ಸಣ್ಣ ಪುಸ್ತಕವೂ ಇರುತ್ತದೆ. ಎಲ್ಲಿ ಗುಡುಗಿತು, ಎಲ್ಲಿ ಹನಿ ಬಿತ್ತು, ಎಲ್ಲಿ ಆಲಿಕಲ್ಲು ಬಿತ್ತು ಎಂದು ಗುರುತು ಹಾಕಿಕೊಳ್ಳುತ್ತೇನೆ.

ಈ ಸಂಚಿಕೆಯ ಪಾಠ ಇದರ ಬಗ್ಗೆಯೇ. ಬೇಸಿಗೆಯ ಗುಡುಗು ಮಳೆಯನ್ನು ನಾವು ಆಸೆಯಿಂದ ಕಾಯುತ್ತೇವೆ. ಆದರೆ ಅದೇ ಮಳೆ ಕಟ್ಟಿದ ಹಸುವನ್ನು ಕ್ಷಣದಲ್ಲಿ ಕೊಂಡೊಯ್ಯಬಲ್ಲದು. ಕಾಯುವುದನ್ನೂ ನೆನಪಿಡುವುದನ್ನೂ ನಮ್ಮ ಕೊಟ್ಟಿಗೆಗೆ ಉಪಯೋಗವಾಗುವಂತೆ ಮಾಡುವುದು ಹೇಗೆ, ನೋಡೋಣ.

ಗೋಡೆಯ ಕ್ಯಾಲೆಂಡರಿನ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಊರಿಗೆ ಹಸು ನೋಡಲು ಹೋಗಿದ್ದೆ. ಮನೆಯ ತಾಯಿಗೆ ಅರವತ್ತು ದಾಟಿತ್ತು. ಕೈ ತೊಳೆದು ಒಳಗೆ ಕುಳಿತಾಗ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಪ್ರತಿ ದಿನದ ಚೌಕದಲ್ಲೂ ಬೆಳಿಗ್ಗೆ ಎಷ್ಟು ಲೀಟರು, ಸಂಜೆ ಎಷ್ಟು ಲೀಟರು ಎಂಬ ಲೆಕ್ಕ. ಅದರ ಕೆಳಗೆ ಕೆಲವು ಚೌಕಗಳಲ್ಲಿ "ಗುಡುಗು", "ಹದ ಮಳೆ", "ಬರೀ ಗಾಳಿ", "ಕಲ್ಲು ಮಳೆ" ಎಂದು ಸಣ್ಣ ಅಕ್ಷರ. "ಇದೇನಮ್ಮ?" ಎಂದೆ. ಒಳಗಿನಿಂದ ಸುತ್ತಿಟ್ಟ ಹಳೆಯ ಕ್ಯಾಲೆಂಡರುಗಳ ಕಟ್ಟು ತಂದು ಮುಂದಿಟ್ಟರು. ಹನ್ನೊಂದು ವರ್ಷದ ಕ್ಯಾಲೆಂಡರುಗಳಿದ್ದವು.

ಒಂದು ವರ್ಷದ ಮೇ ತಿಂಗಳ ಒಂದು ಚೌಕದಲ್ಲಿ ಮಾತ್ರ ಹಾಲಿನ ಲೆಕ್ಕ ಇರಲಿಲ್ಲ. "ಸಿಡಿಲು. ಗೌರಿ" ಎಂದಷ್ಟೇ ಇತ್ತು. ನಾನು ಕೇಳಲಿಲ್ಲ, ಅವರೇ ಹೇಳಿದರು.

"ಹುಣಸೆ ಮರದಡಿ ಕಟ್ಟಿದ್ದೆ ಡಾಕ್ಟ್ರೇ. ಯಾವಾಗ್ಲೂ ಅಲ್ಲೇ ಕಟ್ಟೋದು, ನೆರಳಿರತ್ತೆ ಅಂತ. ದೂರದಲ್ಲಿ ಗುಡುಗ್ತಿತ್ತು. ಮಳೆ ಬರೋಷ್ಟರಲ್ಲಿ ಸಂಘಕ್ಕೆ ಹಾಲು ಹಾಕಿ ಬಂದ್ಬಿಡ್ತೀನಿ, ಆಮೇಲೆ ಬಿಚ್ಚಿ ಒಳಗೆ ಕಟ್ತೀನಿ ಅಂದ್ಕೊಂಡೆ. ಸಂಘದ ಬಾಗ್ಲಲ್ಲಿ ಇದ್ದಾಗ ಒಂದು ಸಿಡಿಲು ಹೊಡೀತು. ಒಂದು ಹನೀನೂ ಬಿದ್ದಿರ್ಲಿಲ್ಲ ಡಾಕ್ಟ್ರೇ, ಒಂದು ಹನೀನೂ."

ದಿನಕ್ಕೆ 14 ಲೀಟರು ಕೊಡುತ್ತಿದ್ದ ಎರಡನೇ ಸೂಲಿನ ಹಸು ಅದು. ಸಾಲದ ಕಂತು ಇನ್ನೂ ಬಾಕಿ ಇತ್ತು. ವಿಮೆ ಮುಗಿದು ಎರಡು ತಿಂಗಳಾಗಿತ್ತು, ನವೀಕರಿಸಿರಲಿಲ್ಲ.

ಆ ತಾಯಿ ಹೇಳಿದ ಕೊನೆಯ ಮಾತನ್ನೇ ಈ ಪಾಠದ ಮೊದಲ ಸೂತ್ರವಾಗಿ ಇಟ್ಟುಕೊಳ್ಳಿ. ಸಿಡಿಲು ಮಳೆಗಾಗಿ ಕಾಯುವುದಿಲ್ಲ. ಮೋಡ ಇನ್ನೂ ಎಂಟು ಹತ್ತು ಕಿಲೋಮೀಟರು ದೂರವಿರುವಾಗಲೇ, ತಲೆಯ ಮೇಲೆ ಬಿಸಿಲಿರುವಾಗಲೇ ಸಿಡಿಲು ಬಡಿಯಬಹುದು.

ಈ ಮಳೆ ಹೇಗೆ ಹುಟ್ಟುತ್ತದೆ?

ಮುಂಗಾರಿಗೆ ಮೊದಲು, ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೀಳುವ ಮಳೆಯನ್ನು ಹವಾಮಾನ ಇಲಾಖೆಯವರು ಮುಂಗಾರು ಪೂರ್ವ ಮಳೆ ಎನ್ನುತ್ತಾರೆ. ನಮ್ಮಲ್ಲಿ ಮಾವಿನ ಕಾಲದ ಮಳೆ ಎಂದರೂ ನಡೆಯುತ್ತದೆ. ಕಾಫಿ ಸೀಮೆಯವರಿಗೆ ಇದು ಹೂಮಳೆ. ರಾಜ್ಯಕ್ಕೆ ಈ ಮೂರು ತಿಂಗಳಲ್ಲಿ ವಾಡಿಕೆಯಂತೆ ಬೀಳುವುದು ಸುಮಾರು 115 ಮಿಲಿಮೀಟರು. ಇಡೀ ವರ್ಷದ ಮಳೆಗೆ ಹೋಲಿಸಿದರೆ ಹತ್ತನೇ ಒಂದು ಪಾಲು. ಆದರೂ ಮೇವಿಗೆ, ಕೆರೆಕಟ್ಟೆಗೆ, ಬಿಸಿಲಿಗೆ ಬಳಲಿದ ಸೀಮೆ ಹಸುವಿಗೆ ಇದೇ ಜೀವದಾನ.

ಬೆಳಗಿನಿಂದ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವವೂ ಆ ಗಾಳಿಯಲ್ಲಿ ಸೇರಿದ್ದರೆ ಮೇಲೆ ಹೋದಂತೆ ತಣ್ಣಗಾಗಿ ಮೋಡವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೂಕೋಸಿನಂತೆ ಉಬ್ಬುವ ಬಿಳಿ ಮೋಡಗಳನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ಕೆಲವು ಬೆಳೆಯುತ್ತಲೇ ಹೋಗಿ 12ರಿಂದ 15 ಕಿಲೋಮೀಟರು ಎತ್ತರ ಮುಟ್ಟುತ್ತವೆ. ಅಲ್ಲಿ ನೀರು ಮಂಜುಗಡ್ಡೆಯಾಗಿರುತ್ತದೆ. ಹಗುರ ಮಂಜಿನ ಹರಳು ಮೇಲೇರುವಾಗ, ಭಾರದ ಕಾಳು ಕೆಳಗಿಳಿಯುವಾಗ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ತು ಬೇರ್ಪಡುತ್ತದೆ. ಅದು ತಡೆಯಲಾರದಷ್ಟು ಕೂಡಿಕೊಂಡಾಗ ಮಿಂಚಾಗಿ ಹರಿಯುತ್ತದೆ. ಮಿಂಚು ಹಾಯುವ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಹಾಗೆ ಕಾದ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು.

ಇದರಿಂದ ನಮಗೆ ಎರಡು ವಿಷಯ ತಿಳಿಯುತ್ತವೆ. ಒಂದು, ನೆಲ ಕಾಯಲು ಹೊತ್ತು ಬೇಕಾದ್ದರಿಂದ ಈ ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ, ಸಂಜೆ ಬರುತ್ತದೆ. ಅಂದರೆ ನೀವು ಹಾಲು ಕರೆಯುವ, ಕ್ಯಾನು ಹೊತ್ತು ಸಂಘಕ್ಕೆ ನಡೆಯುವ ಹೊತ್ತಿಗೆ ಸರಿಯಾಗಿ. ಎರಡು, ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರು. ಅದಕ್ಕೇ ಪಕ್ಕದ ಊರಲ್ಲಿ ಹೊಂಡ ತುಂಬಿದ ದಿನ ನಮ್ಮೂರಲ್ಲಿ ಧೂಳೂ ಅಡಗಿರುವುದಿಲ್ಲ. ಎತ್ತಿನ ಒಂದು ಕೋಡು ನೆನೆದರೆ ಇನ್ನೊಂದು ನೆನೆಯದು ಎಂಬ ಮಾತನ್ನು ನೀವೂ ಕೇಳಿರಬಹುದು.

ನೆನಪು ಸಾಲದು, ಬರೆದಿಡಿ

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ನೆನಪಿಟ್ಟುಕೊಂಡವರು. ಒಂದೊಂದು ನಕ್ಷತ್ರಕ್ಕೆ 13-14 ದಿನ. ವರ್ಷಕ್ಕೆ ಒಂದು ದಿನ ಆಚೀಚೆ ಆದರೂ ಲೆಕ್ಕ ಹೀಗೆ:

ಅಶ್ವಿನಿ: ಏಪ್ರಿಲ್ 13-14ರಿಂದ
ಭರಣಿ: ಏಪ್ರಿಲ್ 27ರಿಂದ
ಕೃತ್ತಿಕೆ: ಮೇ 11ರಿಂದ
ರೋಹಿಣಿ: ಮೇ 24-25ರಿಂದ
ಮೃಗಶಿರ: ಜೂನ್ 7-8ರಿಂದ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಇದು ಒಳ್ಳೆಯ ಲೆಕ್ಕವೇ. ಆದರೆ ಮನುಷ್ಯರ ನೆನಪು ದೊಡ್ಡ ಮಳೆಯನ್ನು ಇಟ್ಟುಕೊಂಡು ಸಣ್ಣದನ್ನು ಬಿಟ್ಟುಬಿಡುತ್ತದೆ. ಮರ ಬಿದ್ದ ಮಳೆ, ಹೆಂಚು ಹಾರಿದ ಮಳೆ, ಮದುವೆ ಚಪ್ಪರ ಕಿತ್ತ ಮಳೆ ನೆನಪಿರುತ್ತದೆ. ಮಳೆ ಬಾರದ ಇಪ್ಪತ್ತು ಸಂಜೆಗಳು ಮರೆತುಹೋಗುತ್ತವೆ. "ಮೊದಲೆಲ್ಲ ಭರಣಿ ತಪ್ಪುತ್ತಿರಲಿಲ್ಲ" ಎಂದು ನಾವು ಹೇಳುತ್ತೇವೆ. ಆ ತಾಯಿಯ ಹನ್ನೊಂದು ಕ್ಯಾಲೆಂಡರುಗಳನ್ನು ಇಬ್ಬರೂ ಕುಳಿತು ನೋಡಿದಾಗ ಮೂರು ವರ್ಷ ಭರಣಿಯ ಚೌಕಗಳು ಖಾಲಿ ಇದ್ದವು. ಅವರಿಗೇ ಆಶ್ಚರ್ಯ.

2023ರ ಬರವನ್ನು ನೆನಪಿಸಿಕೊಳ್ಳಿ. ಅಂದು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅದರ ಮರುಬೇಸಿಗೆಯಲ್ಲಿ ಮೆದೆ ಕರಗುತ್ತಾ ಬಂದಾಗ ಎಷ್ಟು ದಿನದ ಒಣಹುಲ್ಲು ಉಳಿದಿದೆ, ಮಳೆ ಯಾವಾಗ ಬರಬಹುದು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಇತ್ತು. ಹತ್ತು ವರ್ಷದ ಬರಹ ಕೈಯಲ್ಲಿದ್ದವರು "ನಮ್ಮೂರಲ್ಲಿ ಹದ ಮಳೆ ಮೇ ಮಧ್ಯಕ್ಕೆ ಮೊದಲು ಬಂದದ್ದು ಕಡಿಮೆ, ಅಲ್ಲಿಯವರೆಗೆ ಹುಲ್ಲು ಸಾಲಬೇಕು" ಎಂದು ಲೆಕ್ಕ ಹಾಕಬಹುದು. ಬರಹ ಇಲ್ಲದವರು ದಿನಾ ಆಕಾಶ ನೋಡಬೇಕು, ಕೊನೆಗೆ ದುಬಾರಿ ಬೆಲೆಗೆ ಹುಲ್ಲು ಕೊಳ್ಳಬೇಕು.

ಮಳೆ ಬರೆದಿಡುವುದು ಓದಿದವರ ಕೆಲಸ ಎಂದುಕೊಳ್ಳಬೇಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟು ಲೆಕ್ಕದಲ್ಲಿ ಮಳೆ ಬರೆದ ಪುಸ್ತಕಗಳಿವೆ. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬ ಊರಲ್ಲಿ 1997ರ ಜುಲೈ 28ರಂದು ಭಾರಿ ಗುಡುಗು ಮಳೆ ಬಿದ್ದು ಐದು ಜನ ಸತ್ತರು. ಊರಿನ ಒಂದು ಬದಿಯಲ್ಲಿ ಪ್ರವಾಹವಾದರೆ ಇನ್ನೊಂದು ಬದಿಯಲ್ಲಿ ಮಳೆ ತೀರಾ ಕಡಿಮೆ. ಇದ್ದ ಕೆಲವೇ ಮಳೆಮಾಪಕಗಳಿಂದ ಏನಾಗುತ್ತಿದೆ ಎಂಬುದು ತಿಳಿಯಲಿಲ್ಲ. ಮರುವರ್ಷ, 1998ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದವರು ಮನೆಮನೆಗೆ ಪ್ಲಾಸ್ಟಿಕ್ ಮಾಪಕ ಇಡಿಸಿ ಗೃಹಿಣಿಯರು, ರೈತರು, ಶಾಲಾ ಮಕ್ಕಳಿಂದಲೇ ಮಳೆ ಬರೆಸಲು ಆರಂಭಿಸಿದರು. ಇಂದು ಅದು ಆ ದೇಶವೆಲ್ಲ ಹಬ್ಬಿದೆ. ನಮ್ಮಲ್ಲಿಯೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಆದರೆ ಪಂಚಾಯಿತಿಯ ಮಾಪಕ ಇರುವುದು ಒಂದು ಕಡೆ, ನಿಮ್ಮ ಮೇವಿನ ತಾಕು ಇರುವುದು ಇನ್ನೊಂದು ಕಡೆ.

ಮನೆಯಲ್ಲೇ ಮಳೆಮಾಪಕ

1. ಎರಡು ಲೀಟರಿನ, ನೇರ ಮೈಯ ತಂಪು ಪಾನೀಯದ ಖಾಲಿ ಬಾಟಲಿ ತೆಗೆದುಕೊಳ್ಳಿ. ಮೇಲಿನ ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಆಲಿಕೆಯಂತೆ ತಲೆಕೆಳಗಾಗಿ ಅದೇ ಬಾಟಲಿಯೊಳಗೆ ಕೂರಿಸಿ.

2. ಬಾಟಲಿಯ ತಳ ಉಬ್ಬುತಗ್ಗು. ಅದಕ್ಕೆ ತಳದಲ್ಲಿ ನಾಲ್ಕು ಸಣ್ಣ ಕಲ್ಲು ಹಾಕಿ, ಮೈ ನೇರವಾಗುವ ಜಾಗದವರೆಗೆ ನೀರು ತುಂಬಿ ಅಲ್ಲಿ ಒಂದು ಗೆರೆ ಎಳೆಯಿರಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಕ್ಕಳ ಸ್ಕೇಲು ಅಂಟಿಸಿ. ಒಂದು ಸೆಂಟಿಮೀಟರು ಏರಿದರೆ 10 ಮಿಲಿಮೀಟರು ಮಳೆ.

3. ಮರ, ಸೂರು, ಗೋಡೆಯಿಂದ ದೂರ, ಬಯಲಿನಲ್ಲಿ ಇಡಿ. ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಲಿ. ಗಾಳಿಗೆ ಉರುಳದಂತೆ, ಕರು ಮೂತಿ ಹಾಕದಂತೆ ಸುತ್ತ ಇಟ್ಟಿಗೆ ಜೋಡಿಸಿ.

4. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ನೀವು ಬೆಳಗಿನ ಹಾಲು ಹಾಕಿ ಬಂದ ಮೇಲೆ ನೋಡಿ. ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತನ್ನಿ. ಬಿಸಿಲಿಗೆ ನೀರು ಆರಿದ್ದರೆ ತುಂಬಿಸಿ.

ಹಾಲಿನ ಲೆಕ್ಕ ಬಲ್ಲವರಿಗೆ ಮಳೆಯ ಲೆಕ್ಕ ಕಷ್ಟವಲ್ಲ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಎಂದರೆ ಸರಿಯಾಗಿ ಒಂದು ಲೀಟರು. ಒಂದು ಗುಂಟೆಗೆ ಸುಮಾರು 101 ಲೀಟರು. ಒಂದು ಎಕರೆಗೆ ಸುಮಾರು 4,047 ಲೀಟರು. 20 ಅಡಿ ಅಗಲ, 30 ಅಡಿ ಉದ್ದದ ಕೊಟ್ಟಿಗೆಯ ಶೀಟಿನ ಮೇಲೆ 20 ಮಿಲಿಮೀಟರು ಮಳೆ ಬಿದ್ದರೆ ಸಾವಿರದ ನೂರು ಲೀಟರಿನಷ್ಟು ನೀರು ಹರಿದುಹೋಗುತ್ತದೆ. ಒಂದು ದೋಣಿ, ಒಂದು ಡ್ರಮ್ಮು ಇಟ್ಟರೆ ಕೊಟ್ಟಿಗೆ ತೊಳೆಯಲು ಅದೇ ಸಾಕು. ಮೊದಲ ಮಳೆಯ ನೀರು ಶೀಟಿನ ಕೊಳೆ ಹೊತ್ತು ಬರುವುದರಿಂದ ಅದನ್ನು ಹಸುವಿಗೆ ಕುಡಿಸಬೇಡಿ.

ಮಳೆ ಎಷ್ಟು ಎಂಬುದರ ಜೊತೆಗೆ ಇನ್ನು ನಾಲ್ಕು ಬರೆಯಿರಿ: ಮೊದಲ ಗುಡುಗು ಕೇಳಿದ ಗಂಟೆ, ಮೋಡ ಬಂದ ದಿಕ್ಕು, ಗಾಳಿ ಅಥವಾ ಆಲಿಕಲ್ಲು ಇತ್ತೇ, ಆ ದಿನದ ಹಾಲು. ಎರಡು ವರ್ಷ ಕಳೆದರೆ ನಿಮ್ಮೂರಿಗೆ ಮೋಡ ಯಾವ ಕಡೆಯಿಂದ, ಎಷ್ಟು ಗಂಟೆಗೆ ಬರುತ್ತದೆ ಎಂಬುದು ನಿಮಗೇ ಕಾಣತೊಡಗುತ್ತದೆ. ಬಿಸಿಲು ಏರಿದ ವಾರ ಹಾಲು ಎಷ್ಟು ಇಳಿಯಿತು, ಮಳೆ ಬಿದ್ದು ತಂಪಾದ ಮೇಲೆ ಎಷ್ಟು ಏರಿತು ಎಂಬುದೂ ಕಾಣುತ್ತದೆ.

ಮಿಂಚಿದ ಮೇಲೆ ಎಣಿಸಿ

ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಹೊಲದಲ್ಲಿ ಕೆಲಸ ಮಾಡುವವರಿಗೆ, ದನ ಕಾಯುವವರಿಗೆ ಈ ಅಪಾಯ ಹೆಚ್ಚು.

ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು ಸಾಗುತ್ತದೆ. 15 ಎಣಿಸುವಾಗ ಗುಡುಗಿದರೆ ಮಿಂಚು 5 ಕಿಲೋಮೀಟರು ದೂರ. 30 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ನೀವು ಅಪಾಯದ ಅಂತರದಲ್ಲಿದ್ದೀರಿ, ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಎಣಿಸಲು ಆಗದಿದ್ದರೆ ಇನ್ನೂ ಸುಲಭದ ಮಾತು: ಗುಡುಗು ಕೇಳಿತು ಎಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲಿದ್ದೀರಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಹಾಕಿಸಿಕೊಳ್ಳಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ.

ದನಗಳೇ ಹೆಚ್ಚು ಸಾಯುವುದೇಕೆ? ಸಿಡಿಲು ನೇರವಾಗಿ ಹಸುವಿನ ಮೇಲೆ ಬೀಳುವುದು ಅಪರೂಪ. ಮರಕ್ಕೆ ಬಡಿದ ವಿದ್ಯುತ್ತು ಬೇರಿನ ಮೂಲಕ ನೆಲದಲ್ಲಿ ನಾಲ್ಕೂ ಕಡೆ ಹರಡುತ್ತದೆ. ಹಸುವಿನ ಮುಂಗಾಲು ಒಂದು ಕಡೆ, ಹಿಂಗಾಲು ನಾಲ್ಕೈದು ಅಡಿ ಆಚೆ. ವಿದ್ಯುತ್ತು ಒಂದು ಕಾಲಿನಿಂದ ಏರಿ ಎದೆಯ ಮೂಲಕ ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಹೃದಯ ಅಲ್ಲೇ ನಿಲ್ಲುತ್ತದೆ. ಒಂದೇ ಮರದಡಿ ನಿಂತ ನಾಲ್ಕೈದು ದನ ಒಟ್ಟಿಗೆ ಸಾಯುವುದು ಇದೇ ಕಾರಣಕ್ಕೆ. ತಂತಿ ಬೇಲಿಗೆ ಸಿಡಿಲು ಬಡಿದರೆ ಬೇಲಿ ಇರುವಷ್ಟು ಉದ್ದಕ್ಕೂ ವಿದ್ಯುತ್ತು ಹರಿಯುತ್ತದೆ.

ಹೀಗೆ ಮಾಡಿ:

• ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಮಧ್ಯಾಹ್ನ ಮೂರರ ಒಳಗೆ ದನಗಳನ್ನು ಹೊಲದಿಂದ ಕೊಟ್ಟಿಗೆಗೆ ತನ್ನಿ. ಬೆಳಗಿನ ತಂಪಿನಲ್ಲಿ ಮೇಯಲು ಬಿಡಿ.

• ಹುಣಸೆ, ತೆಂಗು, ಮಾವು ಯಾವುದೇ ಒಂಟಿ ಮರದಡಿ ಮಧ್ಯಾಹ್ನದ ಮೇಲೆ ಕಟ್ಟಬೇಡಿ. ನೆರಳು ಬೇಕಾದರೆ ಮನೆಯ ಪಕ್ಕ ಗರಿಯ ಚಪ್ಪರ ಹಾಕಿಸಿ.

• ತಂತಿ ಬೇಲಿ, ವಿದ್ಯುತ್ ಕಂಬ, ಕಬ್ಬಿಣದ ಪೈಪಿಗೆ ಸರಪಳಿಯಲ್ಲಿ ಕಟ್ಟಬೇಡಿ. ಮರದ ಗೂಟಕ್ಕೆ ಹಗ್ಗದಲ್ಲಿ ಕಟ್ಟಿ.

• ಗುಡುಗುವಾಗ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಮೋಟಾರು ಚಾಲೂ ಮಾಡಬೇಡಿ. ಪ್ಲಗ್ಗು ಕಿತ್ತಿಡಿ.

• ಕೊಟ್ಟಿಗೆಯ ಶೀಟುಗಳ ಬೋಲ್ಟು ಈಗಲೇ ಬಿಗಿ ಮಾಡಿಸಿ. ಮಳೆಗೆ ಮೊದಲು ಬೀಸುವ ಗಾಳಿಗೆ ಹಾರಿದ ಶೀಟು ಕತ್ತಿಯಂತೆ ಕೊಯ್ಯುತ್ತದೆ.

• ತೆರೆದ ಕೊಟ್ಟಿಗೆ ದನಕ್ಕೆ ಮರದಡಿಗಿಂತ ವಾಸಿ. ಆದರೆ ನಿಮಗೆ ಅದು ಸಾಲದು. ನೀವು ಗೋಡೆ, ಬಾಗಿಲು ಇರುವ ಮನೆಯೊಳಗೆ ಹೋಗಿ.

• ಹೊಲದಲ್ಲಿ ಸಿಕ್ಕಿಕೊಂಡು ಹತ್ತಿರ ಮನೆಯೇ ಇಲ್ಲದಿದ್ದರೆ ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕುಳಿತುಕೊಳ್ಳಿ. ಮಲಗಬೇಡಿ. ಕುಡುಗೋಲು, ಕ್ಯಾನು, ಕೊಡೆ ಕೆಳಗಿಡಿ. ನಾಲ್ಕು ಜನ ಇದ್ದರೆ ದೂರ ದೂರ ಕುಳಿತುಕೊಳ್ಳಿ.

• ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗಬೇಡಿ, ದನವನ್ನೂ ಬಿಡಬೇಡಿ. ಮೊದಲು ಲೈನ್‌ಮ್ಯಾನ್‌ಗೆ ತಿಳಿಸಿ.

ಸಿಡಿಲು ಬಡಿದ ಮನುಷ್ಯರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಉಸಿರು, ನಾಡಿ ಇಲ್ಲದಿದ್ದರೆ ಎದೆಯ ನಡುವೆ ಜೋರಾಗಿ, ಬಿಡದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ. ತಕ್ಷಣ ಒತ್ತಿದರೆ ಎಷ್ಟೋ ಜನ ಬದುಕುತ್ತಾರೆ.

ಇನ್ನು ಸಂಜೆ ಹಾಲಿನ ಪ್ರಶ್ನೆ. "ಸಂಘದ ಹೊತ್ತು ಮೀರಿದರೆ ಹಾಲು ತೆಗೆದುಕೊಳ್ಳುವುದಿಲ್ಲವಲ್ಲ" ಎಂದು ಗುಡುಗಿನಲ್ಲೇ ಓಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಓಡಬೇಡಿ. ಶುಚಿಯಾಗಿ ಕರೆದ ಹಾಲನ್ನು ಮುಚ್ಚಿದ ಸ್ಟೀಲ್ ಕ್ಯಾನಿನಲ್ಲಿ, ತಣ್ಣೀರು ತುಂಬಿದ ಟಬ್ಬಿನೊಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಕೆಡುವುದಿಲ್ಲ. ಗುಡುಗಿನ ಸಂಜೆಗಳಲ್ಲಿ ಅರ್ಧ ಗಂಟೆ ಹೆಚ್ಚು ಕಾಯಬೇಕೆಂದು ನಿಮ್ಮ ಸಂಘದ ಸಭೆಯಲ್ಲಿ ನೀವೇ ಎದ್ದು ಕೇಳಿ. ಕಾರ್ಯದರ್ಶಿಯವರೂ ಹಾಲು ಪರೀಕ್ಷಕರೂ ನಿಮ್ಮೂರಿನವರೇ, ಒಪ್ಪುತ್ತಾರೆ. ಆರು ಲೀಟರು ಹಾಲಿಗಿಂತ ಅದನ್ನು ಹೊತ್ತ ತಾಯಿಯ ಜೀವ ದೊಡ್ಡದು.

ಹಸು ಸತ್ತರೆ ಏನು ಮಾಡಬೇಕು?

ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಲೇಬೇಕಾದ ಮಾತಿದು. ಮಳೆಗಾಲದ ಆರಂಭದಲ್ಲಿ ಹಸು ಇದ್ದಕ್ಕಿದ್ದಂತೆ ಸತ್ತರೆ "ಸಿಡಿಲೇ ಇರಬೇಕು" ಎಂದು ನೀವೇ ತೀರ್ಮಾನಿಸಬೇಡಿ. ನೆರಡಿ ರೋಗದಲ್ಲೂ ದನ ಹೀಗೇ ಹಠಾತ್ತನೆ ಸಾಯುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ, ಹೊಟ್ಟೆ ಬೇಗ ಉಬ್ಬಿದ್ದರೆ ಹತ್ತಿರ ಹೋಗಬೇಡಿ. ಚರ್ಮ ಸುಲಿಸಬೇಡಿ, ಕೊಯ್ಯಿಸಬೇಡಿ. ಆ ರೋಗಾಣು ಮನುಷ್ಯರಿಗೂ ಬರುತ್ತದೆ. ಕಳೇಬರ ತೆರೆದರೆ ಮಣ್ಣಿಗೆ ಸೇರಿ ದಶಕಗಟ್ಟಲೆ ಉಳಿಯುತ್ತದೆ. ಪಶುವೈದ್ಯರು ಬಂದು ನೋಡುವವರೆಗೆ ನಾಯಿ, ಕಾಗೆ ಮುಟ್ಟದಂತೆ ಕಾಯಿರಿ. ಪಶುಪಾಲಕರ ಸಹಾಯವಾಣಿ 1962.

ಸಿಡಿಲಿನಿಂದಲೇ ಸತ್ತಿದ್ದರೆ ಕೆಲವೊಮ್ಮೆ ಕೂದಲು ಸುಟ್ಟ ಗೆರೆ ಇರುತ್ತದೆ, ಬಾಯಲ್ಲಿ ಜಗಿಯುತ್ತಿದ್ದ ಹುಲ್ಲು ಹಾಗೇ ಇರುತ್ತದೆ. ಕೆಲವೊಮ್ಮೆ ಗುರುತೇ ಇರುವುದಿಲ್ಲ. ಹಾಗಾಗಿ ಪಶುವೈದ್ಯರ ಪರೀಕ್ಷೆ ಇಲ್ಲದೆ ಹೂಳಬೇಡಿ. ಕಿವಿಯೋಲೆಯ 12 ಅಂಕಿ ಕಾಣುವಂತೆ, ಮರ ಮತ್ತು ಜಾಗ ಕಾಣುವಂತೆ ಫೋಟೋ ತೆಗೆಯಿರಿ. ಸಂಘಕ್ಕೆ, ವಿಮಾ ಕಂಪನಿಗೆ, ಗ್ರಾಮ ಆಡಳಿತ ಅಧಿಕಾರಿಗೆ ಅದೇ ದಿನ ತಿಳಿಸಿ. ಕಿವಿಯೋಲೆ ಬಿದ್ದುಹೋಗಿದ್ದರೆ ಇವತ್ತೇ ಹಾಕಿಸಿ. ವಿಮೆ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಮಳೆ ಬಿದ್ದ ಮೇಲಿನ ಐದು ಎಚ್ಚರಿಕೆ

1. ಕೂಳೆ ಜೋಳ. ಒಣಗಿ ನಿಂತ ಜೋಳದ ಕೂಳೆ ಮೊದಲ ಮಳೆಗೆ ಹಸಿರಾಗಿ ಚಿಗುರುತ್ತದೆ. ಆ ಚಿಗುರಿನಲ್ಲಿ ಸೈನೈಡ್ ವಿಷ ಹೆಚ್ಚು. ಹಸಿದ ದನ ನುಗ್ಗಿ ತಿಂದರೆ ಏದುಸಿರು, ನಡುಕ, ಬಿದ್ದು ಒದ್ದಾಟ, ನಿಮಿಷಗಳಲ್ಲಿ ಸಾವು. ಹೂ ಬರುವವರೆಗೆ ಹಸಿ ಜೋಳ ಹಾಕಬೇಡಿ. ತಿಂದದ್ದು ಗೊತ್ತಾದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಇದಕ್ಕೆ ಚುಚ್ಚುಮದ್ದು ಇದೆ, ತಕ್ಷಣ ಕರೆಯಿರಿ.

2. ಎಳೆ ಹುಲ್ಲು. ಮಳೆಯ ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚು. ಅದನ್ನೇ ಹೊಟ್ಟೆ ತುಂಬ ಹಾಕಿದರೆ ಸಗಣಿ ತೆಳುವಾಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ. ಮೊದಲು ರಾಗಿ ಹುಲ್ಲು ಹಾಕಿ, ಆಮೇಲೆ ಹಸಿರು ಹಾಕಿ. ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ.

3. ತುಂತುರಿನ ಸೆಕೆ. ನಾಲ್ಕು ಹನಿ ಬಿದ್ದು ಗಾಳಿ ನಿಂತ ಸಂಜೆ ಸೀಮೆ ಹಸುವಿಗೆ ಬಿಸಿಲಿಗಿಂತ ಕಷ್ಟ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ಕಾವು ಇಳಿಯುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಗುಡುಗು ನಿಂತ ಮೇಲೆ ಮೈಗೆ ನೀರು ಹಾಕಿ ಫ್ಯಾನು ಹಚ್ಚಿ. ಕುಡಿಯುವ ನೀರು ಸದಾ ಮುಂದಿರಲಿ.

4. ಕೆಸರು ಮತ್ತು ಕೆಚ್ಚಲು. ಹಾಲು ಕರೆದ ಮೇಲೆ ಮೊಲೆತೊಟ್ಟಿನ ತೂತು ಸುಮಾರು ಅರ್ಧ ಗಂಟೆ ತೆರೆದಿರುತ್ತದೆ. ಹಸು ಕೆಸರಿನಲ್ಲಿ ಮಲಗಿದರೆ ಕೆಚ್ಚಲು ಬಾವು ಖಂಡಿತ ಹತ್ತಿರ ಬಂದಂತೆ. ತೊಟ್ಟನ್ನು ಔಷಧದಲ್ಲಿ ಅದ್ದಿ, ಮುಂದೆ ಮೇವು ಹಾಕಿ, ಅರ್ಧ ಗಂಟೆ ನಿಂತಿರುವಂತೆ ನೋಡಿಕೊಳ್ಳಿ.

5. ಲಸಿಕೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮೊದಲೇ ಆಗಬೇಕು. ರೋಗ ಬಂದ ಮೇಲೆ ಹಾಕಿಸಿದರೆ ತಡವಾಯಿತು. ಮಳೆಯ ಜೊತೆಗೆ ಉಣ್ಣೆಯೂ ಹೆಚ್ಚುತ್ತದೆ. ಗೋಡೆಯ ಬಿರುಕುಗಳಿಗೆ ಸುಣ್ಣ ಹೊಡೆಸಿ.

ಈ ತಿಂಗಳ ಮನೆಪಾಠ

ಒಂದು, ಬಾಟಲಿಯ ಮಳೆಮಾಪಕ ಮಾಡಿ ಇಡಿ. ಮಕ್ಕಳಿಗೆ ಬೇಸಿಗೆ ರಜೆ ಇದೆ, ಅವರ ಕೈಯಲ್ಲೇ ಮಾಡಿಸಿ. ಎರಡು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುಡುಗನ್ನೂ ಬರೆಯಿರಿ. ಗುಡುಗಿ ಮಳೆ ಬಾರದ ದಿನವನ್ನೂ ಬಿಡಬೇಡಿ. ಮೂರು, ಇವತ್ತು ಸಂಜೆ ನಿಮ್ಮ ಹಸು ಎಲ್ಲಿ ಕಟ್ಟಿದೆ, ಮೇಲೆ ಏನಿದೆ, ಪಕ್ಕದಲ್ಲಿ ಯಾವ ತಂತಿ ಇದೆ ಎಂದು ಒಮ್ಮೆ ನೋಡಿ ಬನ್ನಿ. ನಾಲ್ಕು, ಜೂನ್ ತಿಂಗಳ ಸಂಘದ ಸಭೆಗೆ ಕ್ಯಾಲೆಂಡರು ತನ್ನಿ. ಊರಿನ ಮೇಲ್ಕೇರಿಯಲ್ಲಿ ಎಷ್ಟು ಮಳೆ, ಕೆಳಕೇರಿಯಲ್ಲಿ ಎಷ್ಟು ಎಂದು ಎಲ್ಲರೂ ಸೇರಿ ನೋಡಿ. ನಾನು ಬಂದಾಗ ನನ್ನ ಪುಸ್ತಕವನ್ನೂ ತರುತ್ತೇನೆ.

ಆ ತಾಯಿ ಈಗ ಎರಡು ಹಸು ಸಾಕಿದ್ದಾರೆ. ಹುಣಸೆ ಮರ ಅಲ್ಲೇ ಇದೆ, ಕಡಿಸಿಲ್ಲ. ಅದರ ಬುಡದಲ್ಲಿದ್ದ ಗೂಟ ಮಾತ್ರ ಕಿತ್ತುಹಾಕಿದ್ದಾರೆ. ಹೋದ ಬಾರಿ ಹೋದಾಗ ಮಧ್ಯಾಹ್ನ ಎರಡೂವರೆಗೇ ಹಸುಗಳು ಕೊಟ್ಟಿಗೆಯಲ್ಲಿದ್ದವು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. "ಬರತ್ತೋ ಇಲ್ವೋ ಗೊತ್ತಿಲ್ಲ ಡಾಕ್ಟ್ರೇ. ಬರ್ಲಿ ಅಂತ ಕಾಯ್ತಿದೀನಿ. ಬಂದ್ರೆ ಇವು ಒಳಗಿರ್ಬೇಕು, ಅಷ್ಟೇ" ಎಂದರು. ಆ ದಿನ ಮಳೆ ಬರಲಿಲ್ಲ. ಅವರು ಕ್ಯಾಲೆಂಡರಿನಲ್ಲಿ ಅದನ್ನೂ ಬರೆದರು.

ನಿಮ್ಮೂರಿಗೆ ಭರಣಿ ಹದವಾಗಿ ಬರಲಿ. ಬರುವಾಗ ನೀವೂ ನಿಮ್ಮ ಹಸುಕರುಗಳೂ ಒಳಗಿರಿ.

— ಪಶುವೈದ್ಯಾಧಿಕಾರಿ